ಊದಿದ ಕೈಗೆ ದಾಖಲೆ ಬೇಡವೇ?

ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಕೈಯೇ ಬಂಡವಾಳ. ನೂಲಿನ ಗಿರಣಿಯಲ್ಲಿ ರಿಂಗ್ ಫ್ರೇಮಿನ ಮುಂದೆ ನಿಂತು, ಕಡಿದ ಎಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದು ಕೂಡಿಸುವ ಹೆಣ್ಣುಮಗಳಿಗೆ ಬೆರಳ ತುದಿಯೇ ಅನ್ನದ ದಾರಿ. ಕಿರಾಣಿ ಅಂಗಡಿಯವರು ದಿನವಿಡೀ ತೂಗಬೇಕು, ಪೊಟ್ಟಣ ಕಟ್ಟಬೇಕು, ಚಿಲ್ಲರೆ ಎಣಿಸಬೇಕು, ರಾತ್ರಿ ಕುಳಿತು ಉದ್ರಿ ಖಾತೆ ಬರೆಯಬೇಕು. ಕುರ್ಚಿಯಲ್ಲಿ ಕುಳಿತು ಸಹಿ ಹಾಕುವವರಿಗೆ ಬೆರಳು ಊದಿದರೆ ಅದೊಂದು ಬೇನೆ. ಈ ಜನಕ್ಕೆ ಬೆರಳು ಊದಿದರೆ ಅದು ಪಗಾರದ ಕಡಿತ, ಮುಚ್ಚಿದ ಅಂಗಡಿ, ಮುಂದಿನ ತಿಂಗಳ ಸಾಲ.

ಆದ್ದರಿಂದ ಲಸಿಕೆ ಹಾಕಿಸಿಕೊಂಡ ಕೆಲವು ದಿನಗಳಲ್ಲಿ ಕೈಯ ಕೀಲುಗಳು ಊದಿದುವು ಎಂದು ಯಾರಾದರೂ ಹೇಳಿದಾಗ, ಆ ಮಾತನ್ನು ಕೇಳಿ ನಗುವುದಾಗಲಿ, ಕೇಳಿದ ಕೂಡಲೆ ಊರೆಲ್ಲ ಡಂಗುರ ಹೊಡೆಯುವುದಾಗಲಿ ನಮಗೆ ಒಪ್ಪಿಗೆಯಿಲ್ಲ. ಕೈಯನ್ನು ಪರೀಕ್ಷಿಸಬೇಕು, ಪರೀಕ್ಷಿಸಿ ಕಂಡದ್ದನ್ನು ಬರೆದಿಡಬೇಕು. ಇಷ್ಟು ಸಣ್ಣ ಮಾತು. ಆದರೆ ಇಷ್ಟು ಸಣ್ಣ ಕೆಲಸವೇ ನಮ್ಮ ದವಾಖಾನೆಗಳಲ್ಲಿ ನಡೆಯುತ್ತಿಲ್ಲವೆಂಬುದು ನಮ್ಮ ದೂರು.

ನಾವು ಲಸಿಕೆಯ ವಿರೋಧಿಗಳಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಸಿಡುಬಿನ ಕಲೆ ಹೊತ್ತ ಮುಖಗಳು ಈಗ ಮುದುಕರಲ್ಲಿ ಮಾತ್ರ ಉಳಿದಿವೆ. ಆ ಪೀಡೆ ದೇಶ ಬಿಟ್ಟು ಹೋದದ್ದು ಮನೆಮನೆಗೆ ತಿರುಗಿ ದಾಕು ಹಾಕಿದವರ ಶ್ರಮದಿಂದ. 2014ರ ಮಾರ್ಚಿಯಲ್ಲಿ ಭಾರತಕ್ಕೆ ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು. ಶ್ರೀಮಂತನ ಮಗು ರೋಗ ಬಂದರೆ ದೊಡ್ಡ ಊರಿನ ಆಸ್ಪತ್ರೆಗೆ ಹೋದೀತು. ಬಡವನ ಮಗುವಿಗೆ ಲಸಿಕೆಯೊಂದೇ ಆಸ್ಪತ್ರೆ. ಹೀಗಿರುವಾಗ ಲಸಿಕೆಯ ಮೇಲಿನ ಜನರ ನಂಬಿಕೆಯನ್ನು ಕಾಯುವುದು ನಮ್ಮ ಹಿತವೇ ಸರಿ. ಆ ನಂಬಿಕೆ ಉಳಿಯುವುದು ದೂರು ಕೇಳುವುದರಿಂದ. ದೂರಿಗೆ ಕಿವಿ ಮುಚ್ಚಿಕೊಂಡಲ್ಲಿ ಅದು ಸಾಯುತ್ತದೆ. ದವಾಖಾನೆಯ ಪುಸ್ತಕದಲ್ಲಿ ಜಾಗ ಸಿಗದ ಮಾತು ಚಹದ ಅಂಗಡಿಯಲ್ಲಿ ಜಾಗ ಹುಡುಕಿಕೊಳ್ಳುತ್ತದೆ. ಅಲ್ಲಿ ಒಂದು ಬೆರಳಿನ ಊತ ಸಂಜೆಯಾಗುವುದರೊಳಗೆ ಹತ್ತು ಜನರ ಪಾರ್ಶ್ವವಾಯುವಾಗಿರುತ್ತದೆ.

ಈ ವಿಷಯ ಎತ್ತಲು ಕಾರಣವುಂಟು. ಕಳೆದ ಮಳೆಗಾಲದಲ್ಲಿ ಗಿರಣಿಯ ಹೆಣ್ಣಾಳೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ನಾಯಿ ಕಚ್ಚಿದ್ದಕ್ಕೆ ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ದಿನವಾಗಿತ್ತು. ಎರಡೂ ಮಣಿಕಟ್ಟು, ಬೆರಳ ಗೆಣ್ಣು ಊದಿದ್ದುವು, ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ದವಾಖಾನೆಯ ಚೀಟಿ ತೋರಿಸಿದರು. ಅದರಲ್ಲಿ ಇದ್ದುದು ‘ಮೈಕೈ ನೋವು’ ಎಂಬ ಎರಡು ಶಬ್ದ, ಕೆಳಗೆ ಎರಡು ಮಾತ್ರೆಯ ಹೆಸರು. ಯಾವ ಕೀಲು, ಯಾವ ದಿನದಿಂದ, ಮೊದಲು ಯಾವ ಸೂಜಿ ಹಾಕಿತ್ತು, ಒಂದೂ ಇಲ್ಲ. ಸಾಲಿನಲ್ಲಿ ನೂರು ಜನ ನಿಂತಿರುವಾಗ ಒಬ್ಬ ಡಾಕ್ಟರು ಎಷ್ಟು ಬರೆದಾರು ಎಂಬುದನ್ನು ನಾವು ಅರಿಯದವರಲ್ಲ. ಆದರೆ ಆ ಎರಡು ಶಬ್ದದ ಚೀಟಿಯಿಂದ ಆಕೆಗೆ ಸರಿಯಾದ ರಜೆ ಸಿಗಲಿಲ್ಲ, ಯಾವ ಲೆಕ್ಕದಲ್ಲೂ ಆಕೆಯ ಕೈ ಸೇರಲಿಲ್ಲ.

ಈಗ ರೋಗನಿದಾನದ ಮಾತಿಗೆ ಬರೋಣ. ನೋವು ಬೇರೆ, ಬಾವು ಬೇರೆ. ಲಸಿಕೆಯ ಮರುದಿನ ಮೈಕೈ ಮುರಿದಂತಾಗುವುದು, ಕೀಲು ನೋಯುವುದು ಸಾಮಾನ್ಯ. ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೀಲಿನ ಉರಿಯೂತವೆಂದರೆ ಕಣ್ಣಿಗೆ ಕಾಣುವ, ಕೈಗೆ ತಾಗುವ ಊತವಿರಬೇಕು. ಗೆಣ್ಣುಗಳ ನಡುವಿನ ತಗ್ಗು ತುಂಬಿಕೊಂಡಿರುತ್ತದೆ, ಉಂಗುರ ಕಳಚುವುದಿಲ್ಲ, ನಾಲ್ಕೂ ಗೆಣ್ಣುಗಳನ್ನು ಅಕ್ಕಪಕ್ಕದಿಂದ ಮೆಲ್ಲಗೆ ಒತ್ತಿ ಹಿಡಿದರೆ ರೋಗಿ ಕೈ ಎಳೆದುಕೊಳ್ಳುತ್ತಾನೆ. ಬೆಳಿಗ್ಗೆ ಎದ್ದಾಗ ಬೆರಳು ಸೆಟೆದುಕೊಂಡಿದ್ದು, ಸಡಿಲವಾಗಲು ಅರ್ಧ ಗಂಟೆ, ಒಂದು ಗಂಟೆ ಹಿಡಿಯುತ್ತದೆ. ದುಡಿದ ಕೈಯ ನೋವು ಇದಕ್ಕೆ ತಿರುವುಮುರುವು: ಅದು ಬೆಳಿಗ್ಗೆ ಹಗುರ, ಸಂಜೆ ಭಾರ. ಇಷ್ಟನ್ನು ತಿಳಿಯಲು ಯಂತ್ರ ಬೇಡ, ಪ್ರಯೋಗಶಾಲೆ ಬೇಡ. ಡಾಕ್ಟರು ಎರಡು ನಿಮಿಷ ರೋಗಿಯ ಕೈ ಹಿಡಿದು ನೋಡಿದರೆ ಸಾಕು. ಚೀಟಿ ಬರೆಯುವಾಗ ರೋಗಿಯ ಮುಖವನ್ನೇ ನೋಡದ ಪದ್ಧತಿಯಲ್ಲಿ ಕೈ ನೋಡುವವರಾರು ಎಂದು ನೀವು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಬಾವು ಇದೆಯೆಂದು ಖಚಿತವಾದ ಮೇಲೂ ಲಸಿಕೆಯೇ ಕಾರಣವೆಂದು ತೀರ್ಮಾನಿಸುವಂತಿಲ್ಲ. ನಮ್ಮ ನಾಡಿನಲ್ಲಿ ಕೈಕೀಲು ಹಿಡಿಯುವ ಮೊದಲ ಕಳ್ಳನೆಂದರೆ ಚಿಕೂನ್‌ಗುನ್ಯ. 2006ರಲ್ಲಿ ಆ ಜ್ವರ ದೇಶದಲ್ಲಿ ಹಬ್ಬಿದಾಗ ಅತಿ ಹೆಚ್ಚು ಶಂಕಿತ ರೋಗಿಗಳಿದ್ದುದು ಕರ್ನಾಟಕದಲ್ಲೇ, ಏಳು ಲಕ್ಷಕ್ಕೂ ಮಿಕ್ಕಿ. ಬಾಗಿದ ಬೆನ್ನು, ಮುಚ್ಚಲಾಗದ ಮುಷ್ಟಿ, ತಿಂಗಳುಗಟ್ಟಲೆ ನರಳಿದ ಓಣಿಗಳು ಹಲವರಿಗೆ ನೆನಪಿರಬಹುದು. ಮಳೆಗಾಲದಲ್ಲಿ ಲಸಿಕೆ ಹಾಕಿಸಿಕೊಂಡವನಿಗೆ ಅದೇ ವಾರ ಸೊಳ್ಳೆಯೂ ಕಚ್ಚಿರಬಹುದಷ್ಟೆ. ಜ್ವರವಿತ್ತೇ, ಮೈಮೇಲೆ ಗಂಧೆ ಎದ್ದಿತ್ತೇ, ಮನೆಯಲ್ಲಿ ಮತ್ತೊಬ್ಬರಿಗೂ ಹಾಗೆಯೇ ಆಯಿತೇ ಎಂದು ಕೇಳಬೇಕು. ಆ ರೋಗದ ರಕ್ತಪರೀಕ್ಷೆ ಮಾಡಿಸಬೇಕು.

ಎರಡನೆಯದು ಸೀರಂ. ಇದನ್ನು ಲಸಿಕೆಯೆಂದೇ ಬಹಳ ಜನ ತಿಳಿದಿದ್ದಾರೆ, ಅಲ್ಲ. ಹುಚ್ಚುನಾಯಿ ಕಚ್ಚಿ ಗಾಯ ಆಳವಾಗಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇನ್ನೊಂದು ಮದ್ದು ಹಾಕುತ್ತಾರೆ. ಅದು ಅನೇಕ ಕಡೆ ಕುದುರೆಯ ರಕ್ತದಿಂದ ತಯಾರಾದದ್ದು. ಹಾವಿನ ವಿಷಕ್ಕೆ ಕೊಡುವ ಮದ್ದೂ ಕುದುರೆಯದೇ. ಪರಪ್ರಾಣಿಯ ಈ ಸಾರಕ್ಕೆ ಕೆಲವರ ದೇಹ ಒಂದೆರಡು ವಾರದಲ್ಲಿ ತಿರುಗಿ ಬೀಳುತ್ತದೆ: ಜ್ವರ, ಮೈತುಂಬ ಗಂಧೆ, ಕೀಲುಗಳ ನೋವು, ಊತ. ವಿಯೆನ್ನಾದ ಫಾನ್ ಪಿರ್ಕೆ ಮತ್ತು ಶಿಕ್ ಎಂಬ ವೈದ್ಯರು ಇದನ್ನು 1905ರಷ್ಟು ಹಿಂದೆಯೇ ಸವಿಸ್ತಾರವಾಗಿ ವರ್ಣಿಸಿ ‘ಸೀರಂ ಕಾಯಿಲೆ’ ಎಂದು ಹೆಸರಿಟ್ಟರು. ನಮ್ಮ ಕಚೇರಿಗೆ ಬಂದ ಹೆಣ್ಣುಮಗಳ ಕೈಗೆ ಕಾರಣ ಲಸಿಕೆಯೋ ಸೀರಮ್ಮೋ ಎಂಬುದನ್ನು ಯಾರೂ ಹೇಳಲಾರರು, ಏಕೆಂದರೆ ಆಕೆಗೆ ಎರಡೂ ಹಾಕಿದ್ದರೇ ಎಂಬುದೇ ಚೀಟಿಯಲ್ಲಿ ಇರಲಿಲ್ಲ.

ಮಿಕ್ಕವು ಬೇಗ ಹೇಳಿ ಮುಗಿಸುವಂಥವು. ಬೆರಳ ತುದಿಯ ಕೀಲಿನಲ್ಲಿ ಗಟ್ಟಿ ಗಂಟು ಕಟ್ಟಿದ್ದರೆ ಅದು ವಯಸ್ಸಿನ ಸವೆತ. ಯೂರಿಕ್ ಆಮ್ಲದ ಗೌಟಿನಿಂದಲೂ ಕೀಲು ಊದುವುದುಂಟು. ಸಕ್ಕರೆ ಕಾಯಿಲೆಯವರಿಗೆ ಬೆರಳು ಬಿಗಿದುಕೊಳ್ಳುವುದುಂಟು. ಒಂದೇ ಕೀಲು ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದು ಕೀವಾಗಿರಬಹುದು. ಅಂದೇ ದೊಡ್ಡಾಸ್ಪತ್ರೆಗೆ ಹೋಗಬೇಕು, ನಾಳೆ ಎನ್ನಬಾರದು.

ನಿಜವಾಗಿ ಹೆದರಬೇಕಾದದ್ದು ರುಮಟಾಯಿಡ್ ಸಂಧಿವಾತಕ್ಕೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮಾಡಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಸಾವಿರ ವಯಸ್ಕರಲ್ಲಿ ಏಳೆಂಟು ಜನರಿಗೆ ಈ ರೋಗವಿತ್ತು. ಇದು ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಕೋಟಿಗಟ್ಟಲೆ ಜನರಿಗೆ ಲಸಿಕೆ ಹಾಕಿದಾಗ, ಲಸಿಕೆ ಇಲ್ಲದಿದ್ದರೂ ಅದೇ ತಿಂಗಳಲ್ಲಿ ಈ ರೋಗ ಶುರುವಾಗಬೇಕಾಗಿದ್ದ ಕೆಲವರು ಅವರಲ್ಲಿ ಇದ್ದೇ ಇರುತ್ತಾರೆ. ಈ ರೋಗದಲ್ಲಿ ರಕ್ತದಲ್ಲಿ ಕಾಣುವ ‘ಆ್ಯಂಟಿ ಸಿ.ಸಿ.ಪಿ.’ ಎಂಬ ಗುರುತು ಕೀಲು ಊದುವುದಕ್ಕೆ ವರ್ಷಗಳ ಮೊದಲೇ ಹುಟ್ಟಿಕೊಂಡಿರಬಲ್ಲದು. ಆದ್ದರಿಂದ ಲಸಿಕೆಯಾದ ಹತ್ತೇ ದಿನದಲ್ಲಿ ಅದು ಬಲವಾಗಿ ಕಂಡುಬಂದರೆ, ಬೆಂಕಿ ಮೊದಲೇ ಬೂದಿಯ ಕೆಳಗೆ ಇತ್ತೆಂದೇ ಹೆಚ್ಚುಮಟ್ಟಿಗೆ ತಿಳಿಯಬೇಕು. ಇಂಥವರಿಗೆ ‘ಇದು ಸೂಜಿಯ ಬಾವು, ತಾನಾಗಿ ಇಳಿಯುತ್ತದೆ’ ಎಂದು ಹೇಳಿ ಕಳಿಸುವುದು ದೊಡ್ಡ ಅನ್ಯಾಯ. ಮೊದಲ ಕೆಲವು ತಿಂಗಳಲ್ಲಿ ಸರಿಯಾದ ಔಷಧ ಶುರುವಾದರೆ ಬೆರಳು ಉಳಿಯುತ್ತವೆ. ವರ್ಷ ಕಳೆದರೆ ಕೀಲಿನ ಮೂಳೆಯೇ ಸವೆದು ಬೆರಳು ಓರೆಯಾಗುತ್ತವೆ. ಲಸಿಕೆಯನ್ನು ಬೈಯುತ್ತ ಕುಳಿತವನೂ, ಲಸಿಕೆಯನ್ನು ಸಮರ್ಥಿಸಲು ಹೋಗಿ ರೋಗಿಯ ಮಾತನ್ನೇ ತಳ್ಳಿಹಾಕಿದವನೂ ಒಟ್ಟಿಗೆ ಕೂಡಿ ಒಂದು ಕೈಯನ್ನು ಹಾಳು ಮಾಡುವುದು ಹೀಗೆ.

ಹಾಗಾದರೆ ಲಸಿಕೆಯಿಂದ ಕೈಕೀಲು ಊದುವುದೇ ಇಲ್ಲವೇ? ಊದುತ್ತದೆ. ಇದು ಚಹದಂಗಡಿಯ ಮಾತಲ್ಲ, ವೈದ್ಯಶಾಸ್ತ್ರವೇ ಒಪ್ಪಿರುವ ಸಂಗತಿ. ಚೆನ್ನಾಗಿ ತಿಳಿದಿರುವ ಉದಾಹರಣೆ ರುಬೆಲ್ಲಾ ಲಸಿಕೆಯದು. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಹೊಟ್ಟೆಯ ಕೂಸಿನ ಕಣ್ಣು, ಕಿವಿ, ಹೃದಯ ಕೆಡುವುದರಿಂದ ಈ ಲಸಿಕೆ ಅವಶ್ಯ. 1969ರಲ್ಲಿ ಅಮೆರಿಕದಲ್ಲಿ ಮೊದಲ ರುಬೆಲ್ಲಾ ಲಸಿಕೆಗಳು ಬಂದುವು. ಅವುಗಳಲ್ಲಿ ನಾಯಿಯ ಮೂತ್ರಪಿಂಡದ ಕೋಶಗಳಲ್ಲಿ ಬೆಳೆಸಿದ ಒಂದು ತಳಿ ಕೀಲುಗಳಿಗೆ ಹೆಚ್ಚು ತೊಂದರೆ ಕೊಟ್ಟಿತು; ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಯಾರೋ ನೋಡಿ ಬರೆದಿಟ್ಟದ್ದರಿಂದ ತಾನೇ ಕೈಬಿಟ್ಟದ್ದು! ಆಮೇಲೆ 1979ರಲ್ಲಿ ಅಲ್ಲಿ ಪರವಾನಗಿ ಪಡೆದ ಸೌಮ್ಯವಾದ ತಳಿಯಲ್ಲೂ, ಮೊದಲು ರೋಗ ಬಾರದ ವಯಸ್ಕ ಹೆಂಗಸರಲ್ಲಿ ನೂರಕ್ಕೆ 25ರಷ್ಟು ಮಂದಿಗೆ ಕೀಲುನೋವು, ಸುಮಾರು 10 ಮಂದಿಗೆ ಬಾವಿನ ಲಕ್ಷಣ ಕಾಣಿಸುವುದೆಂದು ಲೆಕ್ಕವಿದೆ. ಬೆರಳು, ಮಣಿಕಟ್ಟು, ಮೊಣಕಾಲು ಇದರ ಜಾಗ. ಲಸಿಕೆಯಾದ ಒಂದರಿಂದ ಮೂರು ವಾರದೊಳಗೆ ಶುರುವಾಗಿ, ಸಾಮಾನ್ಯವಾಗಿ ಮೂರು ವಾರದೊಳಗೆ ಹೋಗುತ್ತದೆ. ಮಕ್ಕಳಿಗೆ ಇದು ಅಪರೂಪ. ಆದ್ದರಿಂದ 2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿ ಐದು ಪ್ರಾಂತಗಳಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿದಾಗ ತಾಯಂದಿರು ಈ ಬಗ್ಗೆ ಗಾಬರಿಯಾಗಬೇಕಾದ ಕಾರಣವಿರಲಿಲ್ಲ. ಇನ್ನೊಂದು ಮಾತನ್ನೂ ಮರೆಯಬಾರದು: ರುಬೆಲ್ಲಾ ರೋಗವೇ ಬಂದರೆ ವಯಸ್ಕ ಹೆಂಗಸರಲ್ಲಿ ನೂರಕ್ಕೆ 70ರವರೆಗೆ ಕೀಲು ಹಿಡಿಯುತ್ತವೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಡೆದ ಒಂದು ಪರೀಕ್ಷೆ ಬಹಳ ಬೋಧಪ್ರದವಾದದ್ದು. 1997ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಹೊಸದಾಗಿ ಹೆತ್ತ ಐನೂರಕ್ಕೂ ಹೆಚ್ಚು ತಾಯಂದಿರಲ್ಲಿ ಅರ್ಧ ಮಂದಿಗೆ ರುಬೆಲ್ಲಾ ಲಸಿಕೆ, ಅರ್ಧ ಮಂದಿಗೆ ಹುಸಿ ಮದ್ದು. ಯಾರಿಗೆ ಯಾವುದೆಂದು ಅವರಿಗೆ ಗೊತ್ತಿಲ್ಲ. ಲಸಿಕೆ ಪಡೆದವರಲ್ಲಿ ನೂರಕ್ಕೆ 30 ಮಂದಿಗೆ ಕೀಲುಗಳ ತೊಂದರೆ ಬಂತು. ಹುಸಿ ಮದ್ದಿನವರಲ್ಲೂ 20 ಮಂದಿಗೆ ಬಂತು! ಎರಡು ಪಕ್ಷದವರೂ ಈ ಎರಡು ಅಂಕಿಗಳನ್ನು ಮನನ ಮಾಡಬೇಕು. ಲಸಿಕೆ ಏನೂ ಮಾಡದು ಎಂಬವರಿಗೆ ಆ ಹೆಚ್ಚಿನ ಹತ್ತು ಮಂದಿ ಉತ್ತರ. ಎಲ್ಲವೂ ಲಸಿಕೆಯಿಂದಲೇ ಎಂಬವರಿಗೆ ಆ ಇಪ್ಪತ್ತು ಮಂದಿ ಉತ್ತರ. ಒಬ್ಬೊಬ್ಬರ ಕೈ ನೋಡಿ ಬರೆಯದೆ ಹೋಗಿದ್ದರೆ ಈ ಉತ್ತರ ಯಾರಿಗೂ ದೊರೆಯುತ್ತಿರಲಿಲ್ಲ.

ಇದರ ವಿರುದ್ಧ ದಿಕ್ಕಿನ ಕಥೆಯೂ ಒಂದುಂಟು. ನಮ್ಮ ಮಲೆನಾಡಿನಲ್ಲಿ ಮಂಗನ ಕಾಯಿಲೆಯನ್ನು ಉಣ್ಣೆ ಹರಡುವಂತೆ ಅಮೆರಿಕದಲ್ಲಿ ‘ಲೈಮ್’ ಎಂಬ ರೋಗವನ್ನು ಉಣ್ಣೆ ಹರಡುತ್ತದೆ. ಅದಕ್ಕೆ 1998ರಲ್ಲಿ ಲಸಿಕೆ ಬಂತು. ಅದರಿಂದ ಕೀಲುವಾತ ಬರುತ್ತದೆಂದು ಹುಯಿಲೆದ್ದಿತು, ದಾವೆಗಳು ಬಿದ್ದುವು. ಲಸಿಕೆಯನ್ನು ಪರೀಕ್ಷಿಸುವಾಗ ಸುಮಾರು ಹನ್ನೊಂದು ಸಾವಿರ ಜನರ ದಾಖಲೆ ಇಟ್ಟಿದ್ದರು; ಅದರಲ್ಲಿ ಲಸಿಕೆಯವರಿಗೂ ಹುಸಿ ಮದ್ದಿನವರಿಗೂ ಕೀಲುವಾತದಲ್ಲಿ ಭೇದ ಕಂಡಿರಲಿಲ್ಲ. ಆದರೂ ಜನ ಬೆನ್ನು ತಿರುಗಿಸಿದರು. 2002ರಲ್ಲಿ ತಯಾರಕರು ಮಾರುವುದನ್ನೇ ನಿಲ್ಲಿಸಿದರು. ಹುಯಿಲಿಗಿಂತ ಮೊದಲು ದಾಖಲೆ ಜನರ ಕೈಗೆ ಮುಟ್ಟಬೇಕು. ಹುಯಿಲಿನ ನಂತರ ಮುಟ್ಟಿದರೆ ಅದನ್ನು ಓದುವವರಿಲ್ಲ.

ಪರಿಹಾರದ ಮಾತು ಬಂದಾಗಂತೂ ದಾಖಲೆಯೇ ಪ್ರಾಣ. ಅಮೆರಿಕದವರು 1986ರಲ್ಲಿ ಒಂದು ಕಾಯಿದೆ ಮಾಡಿ, ಲಸಿಕೆಯಿಂದ ಹಾನಿಯಾದವರಿಗೆ ಹಣ ಕೊಡುವ ನಿಧಿ ಕಟ್ಟಿದರು. ಲಸಿಕೆಯ ಮೇಲೆ ಹಾಕಿದ ತೆರಿಗೆಯೇ ಆ ನಿಧಿಯ ಮೂಲ. ಅವರ ಪಟ್ಟಿಯಲ್ಲಿ ರುಬೆಲ್ಲಾ ಲಸಿಕೆಯ ನಂತರದ ದೀರ್ಘ ಕೀಲುವಾತವೂ ಸೇರಿದೆ. ಆದರೆ ಅದಕ್ಕೆ ಹಾಕಿರುವ ನಿಬಂಧನೆಗಳನ್ನು ನೋಡಿ: ಬಾವು ಲಸಿಕೆಯಾದ 7ರಿಂದ 42 ದಿನದೊಳಗೆ ಶುರುವಾಗಿರಬೇಕು, ಶುರುವಾದ 30 ದಿನದೊಳಗೆ ಅದು ವೈದ್ಯಕೀಯ ದಾಖಲೆಯಲ್ಲಿ ಬಂದಿರಬೇಕು, ಆರು ತಿಂಗಳಿಗಿಂತ ಹೆಚ್ಚು ಕಾಲ ಅದು ಉಳಿದದ್ದಕ್ಕೆ ಬರಹದ ಸಾಕ್ಷಿ ಇರಬೇಕು. ಬರಿಯ ನೋವು, ಬರಿಯ ಬಿಗಿತ ನಡೆಯದು, ಊತವೆಂದು ಬರೆದಿರಬೇಕು. ಅಂಥ ಸಿರಿವಂತ ದೇಶದಲ್ಲೂ ಡಾಕ್ಟರು ಆ ಒಂದು ಶಬ್ದ ಬರೆಯದಿದ್ದರೆ ಈ ಪಟ್ಟಿಯ ಬಾಗಿಲು ತೆರೆಯುವುದಿಲ್ಲ. ನಮ್ಮ ಹೆಣ್ಣುಮಗಳ ‘ಮೈಕೈ ನೋವು’ ಅಲ್ಲಿ ಬಿಡಿಗಾಸು ಬಾಳದು.

ಇನ್ನು ನಮ್ಮ ದೇಶದ ಏರ್ಪಾಟು. ಲಸಿಕೆಯ ನಂತರದ ಅನಾನುಕೂಲ ಘಟನೆಗಳನ್ನು ಲೆಕ್ಕವಿಡುವ ಪದ್ಧತಿ ಇಲ್ಲಿ ಬಹುಕಾಲದಿಂದ ಇದೆ. ಲಸಿಕೆಯ ನರ್ಸು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಹೇಳಬೇಕು, ಅವರು ಜಿಲ್ಲೆಯ ಲಸಿಕಾ ಅಧಿಕಾರಿಗೆ ಬರೆಯಬೇಕು; ಗಂಭೀರವಾದದ್ದಾದರೆ ತನಿಖೆ ನಡೆದು ತಜ್ಞರ ಸಮಿತಿಗೆ ಹೋಗಬೇಕು. ಕಾಗದದ ಮೇಲೆ ಇದು ಕೆಟ್ಟ ಏರ್ಪಾಟಲ್ಲ. ತೊಡಕಿರುವುದು ‘ಗಂಭೀರ’ ಎಂಬ ಶಬ್ದದಲ್ಲಿ. ಸತ್ತರೆ ಗಂಭೀರ, ಆಸ್ಪತ್ರೆಗೆ ಸೇರಿಸಿದರೆ ಗಂಭೀರ. ಊದಿದ ಬೆರಳಿಗೆ ಯಾರು ಹಾಸಿಗೆ ಕೊಟ್ಟಾರು? ಹೀಗಾಗಿ ಅದು ಸಣ್ಣ ತೊಂದರೆಗಳ ಪಟ್ಟಿಗೆ ಬೀಳುತ್ತದೆ, ಅಥವಾ ಎಲ್ಲಿಯೂ ಬೀಳುವುದಿಲ್ಲ. ಆದರೆ ಅದೇ ವ್ಯಾಖ್ಯೆಯಲ್ಲಿ ಇನ್ನೊಂದು ಮಾತೂ ಇದೆ: ಬಹುಕಾಲದ ಇಲ್ಲವೆ ಗಣನೀಯವಾದ ಅಸಾಮರ್ಥ್ಯ ಉಂಟಾದರೂ ಗಂಭೀರವೇ. ಎಳೆ ಕೂಡಿಸುವವಳ ಮುಷ್ಟಿ ಆರು ವಾರ ಮುಚ್ಚದಿದ್ದರೆ ಅದು ಅಸಾಮರ್ಥ್ಯವಲ್ಲದೆ ಮತ್ತೇನು? ಅಸಾಮರ್ಥ್ಯವನ್ನು ಅಳೆಯಬೇಕಾದದ್ದು ರೋಗಿಯ ಕಸುಬಿನಿಂದ, ಆಸ್ಪತ್ರೆಯ ಹಾಸಿಗೆಯಿಂದಲ್ಲ. ಇದು ನಮ್ಮ ಖಚಿತವಾದ ಅಭಿಪ್ರಾಯ.

ತಜ್ಞರ ಸಮಿತಿ ಕೊಡುವ ತೀರ್ಪುಗಳಲ್ಲಿ ಕೆಲವು ಬಗೆಗಳಿವೆ: ಲಸಿಕೆಗೆ ಸಂಬಂಧಪಟ್ಟದ್ದು, ಅನಿಶ್ಚಿತ, ಕಾಕತಾಳೀಯ, ಮತ್ತೊಂದು, ವರ್ಗೀಕರಿಸಲಾಗದ್ದು. ಈ ಕೊನೆಯದು ಮಾಹಿತಿ ಸಾಲದ ಪ್ರಕರಣಗಳ ಗುಂಡಿ. ಚೀಟಿಯಲ್ಲಿ ಎರಡು ಶಬ್ದವಿದ್ದರೆ ದಿಲ್ಲಿಯ ತಜ್ಞನೇನು, ಬ್ರಹ್ಮನೂ ವರ್ಗೀಕರಿಸಲಾರ. ಕೆಳಗಿನ ನೌಕರರ ಭಯವೂ ಇದರಲ್ಲಿ ಸೇರಿದೆ. ವರದಿ ಮಾಡಿದರೆ ‘ಸೂಜಿ ನೀನೇ ತಪ್ಪಾಗಿ ಹಾಕಿದೆ’ ಎಂದು ತಮ್ಮ ತಲೆಗೇ ಬರುವುದೆಂದು ನರ್ಸುಗಳು, ಆಶಾ ಕಾರ್ಯಕರ್ತೆಯರು ಅಂಜುತ್ತಾರೆ. ವರದಿ ಮಾಡಿದವರನ್ನು ಶಿಕ್ಷಿಸಿ, ಮುಚ್ಚಿಟ್ಟವರನ್ನು ನೆಮ್ಮದಿಯಾಗಿ ಬಿಡುವ ಕಚೇರಿಯಲ್ಲಿ ವರದಿ ಹುಟ್ಟೀತೆ? ಆ ಹೆಣ್ಣುಮಕ್ಕಳೂ ದುಡಿಯುವ ಜನವೇ. ಅವರ ಮೇಲೆ ಹರಿಹಾಯುವುದು ನಮ್ಮ ಉದ್ದೇಶವಲ್ಲ.

2021ರ ಜನವರಿ 16ರಂದು ಕೋವಿಡ್ ಲಸಿಕೆ ಶುರುವಾದ ಮೇಲೆ ಎಷ್ಟೋ ಕಡೆ ಚುಚ್ಚಿಸಿಕೊಳ್ಳದವರಿಗೆ ಕೆಲಸದ ಬಾಗಿಲು ಮುಚ್ಚಿತ್ತು. ಆ ಲಸಿಕೆಗಳ ನಂತರ ಕೈಕೀಲು ಊದಿದ ಬಿಡಿ ಬಿಡಿ ಪ್ರಕರಣಗಳನ್ನು ಹಲವು ದೇಶಗಳ ವೈದ್ಯರು ತಮ್ಮ ಪತ್ರಿಕೆಗಳಲ್ಲಿ ಬರೆದರು. ಬಿಡಿ ಪ್ರಕರಣದಿಂದ ಲಸಿಕೆಯೇ ಕಾರಣವೆಂದು ಸಿದ್ಧವಾಗದು. ಆದರೆ ಹುಡುಕುವುದು ಅಲ್ಲಿಂದಲೇ ಆರಂಭವಾಗಬೇಕು. 2022ರ ಮೇ 2ರಂದು ಸುಪ್ರೀಂ ಕೋರ್ಟು ಜೇಕಬ್ ಪುಲಿಯೆಲ್ ಅವರ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಲ್ಲಿ, ಯಾರನ್ನೂ ಬಲವಂತವಾಗಿ ಚುಚ್ಚುವಂತಿಲ್ಲವೆಂದಿತು. ಜೊತೆಗೆ, ಲಸಿಕೆಯ ನಂತರದ ತೊಂದರೆಗಳನ್ನು ಸಾಮಾನ್ಯ ಜನರೂ ಖಾಸಗಿ ಡಾಕ್ಟರುಗಳೂ ತಾವೇ ವರದಿ ಮಾಡಲು ಅನುಕೂಲ ಮಾಡಿಕೊಡಬೇಕೆಂದು ಕೇಂದ್ರ ಸರಕಾರಕ್ಕೆ ಆಜ್ಞೆ ಮಾಡಿತು. ಅದೇ ವರ್ಷದ ನವೆಂಬರಿನಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಕೇಂದ್ರ ಸರಕಾರ, ಹಾನಿಯಾದವರು ಸಿವಿಲ್ ಕೋರ್ಟಿಗೆ ಹೋಗಬಹುದು, ಸರಕಾರವನ್ನು ನೇರ ಹೊಣೆ ಮಾಡಲಾಗದು ಎಂದು ಹೇಳಿಕೆ ಕೊಟ್ಟಿತು. ಸಿವಿಲ್ ಕೋರ್ಟಿಗೆ ಬರಿಗೈಯಲ್ಲಿ ಹೋಗಿ ನಿಂತವನನ್ನು ಯಾರು ಕೇಳುತ್ತಾರೆ? ಅಲ್ಲಿಯೂ ಮೊದಲ ಪ್ರಶ್ನೆ: ಕಾಗದವೆಲ್ಲಿ?

ಕೋರ್ಟು ದೂರ, ಪಗಾರ ಹತ್ತಿರ. ಇ.ಎಸ್.ಐ. ಯೋಜನೆಯಲ್ಲಿ ಕಾಯಿಲೆ ಬಿದ್ದ ಕಾರ್ಮಿಕನಿಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರ ಭತ್ಯ ಉಂಟು. ಆದರೆ ಅದು ಡಾಕ್ಟರ ಪ್ರಮಾಣಪತ್ರದ ಮೇಲೆ ನಿಂತಿದೆ. ‘ಎರಡೂ ಕೈಯ ಗೆಣ್ಣು ಮತ್ತು ಮಣಿಕಟ್ಟಿನಲ್ಲಿ ಊತ, ಮುಷ್ಟಿ ಕಟ್ಟಲಾರರು, ಕೈಕೆಲಸಕ್ಕೆ ಅಸಮರ್ಥರು’ ಎಂದು ಬರೆದ ಪತ್ರಕ್ಕೂ ‘ಮೈಕೈ ನೋವು, ಮೂರು ದಿನ ವಿಶ್ರಾಂತಿ’ ಎಂಬ ಪತ್ರಕ್ಕೂ ಮನೆಯ ಒಲೆಯಲ್ಲಿ ಅಂತರ ಕಾಣುತ್ತದೆ. ಗುತ್ತಿಗೆಯ ಹೆಸರಿನಲ್ಲಿ ದುಡಿಯುತ್ತ ಇ.ಎಸ್.ಐ. ಚೀಟಿಯೇ ಇಲ್ಲದವರ ಗತಿ ಇನ್ನೂ ಕಷ್ಟ. ಅಂಗಡಿಯವರಿಗೆ ಅದೂ ಇಲ್ಲ.

ಆದಕಾರಣ ನಮ್ಮ ಓದುಗರು ತಮ್ಮ ಕಡೆಯಿಂದ ಮಾಡಬಹುದಾದುದನ್ನು ಹೇಳುತ್ತೇವೆ. ಯಾವ ಸೂಜಿ ಹಾಕಿಸಿಕೊಂಡರೂ ಮದ್ದಿನ ಹೆಸರು, ಬ್ಯಾಚ್ ಸಂಖ್ಯೆ, ತಾರೀಖು, ಯಾವ ತೋಳು ಎಂಬುದನ್ನು ಬರೆಸಿಕೊಳ್ಳಿ. ಕೋವಿಡ್ ಲಸಿಕೆಯ ಪ್ರಮಾಣಪತ್ರದಲ್ಲಿ ಬ್ಯಾಚ್ ಸಂಖ್ಯೆ ಇರುತ್ತಿತ್ತು. ಗಿರಣಿಯಲ್ಲಿ ಕೈ ಕೊಯ್ದಾಗ ಹಾಕುವ ಧನುರ್ವಾಯುವಿನ ಸೂಜಿಗೆ ಎಷ್ಟೋ ಸಲ ಒಂದು ಚೂರು ಕಾಗದವೂ ಇರುವುದಿಲ್ಲ. ಕೈ ಊದಿತೋ, ಅಂದಿನ ದಿನಪತ್ರಿಕೆಯನ್ನು ಹಾಸಿ, ತಾರೀಖು ಕಾಣುವಂತೆ ಎರಡೂ ಅಂಗೈಗಳನ್ನು ಅದರ ಮೇಲೆ ಇಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಸಿ; ದಿನ ಬಿಟ್ಟು ದಿನ ಮತ್ತೆ ತೆಗೆಸಿ. ಊತಕ್ಕೆ ಕಾಲುಂಟು, ದವಾಖಾನೆಯ ಸರದಿ ಬರುವಷ್ಟರಲ್ಲಿ ಅದು ಹೊರಟುಹೋಗಿರಬಹುದು. ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದಿರಿ, ಎಷ್ಟು ಹೊತ್ತಿಗೆ ಮುಷ್ಟಿ ಕಟ್ಟಲಾಯಿತು ಎಂಬುದನ್ನು ಕ್ಯಾಲೆಂಡರಿನ ಮೇಲೆಯೇ ಬರೆಯಿರಿ. ಔಷಧದ ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆಯನ್ನು ಕೇಳಿ ನುಂಗಬೇಡಿ. ಬಾವೂ ಇಳಿಯುತ್ತದೆ, ಸಾಕ್ಷಿಯೂ ಅಳಿಯುತ್ತದೆ, ಒಳಗಿನ ರೋಗ ಮಾತ್ರ ಉಳಿಯುತ್ತದೆ. ಮೊದಲೇ ಕೈ ನೋಯುತ್ತಿತ್ತಾದರೆ ಅದನ್ನೂ ಮುಚ್ಚಿಡದೆ ಹೇಳಿ. ಒಬ್ಬನು ಮುಚ್ಚಿಟ್ಟದ್ದು ಗೊತ್ತಾದರೆ ಹತ್ತು ಜನರ ನಿಜವನ್ನೂ ಯಾರೂ ನಂಬುವುದಿಲ್ಲ.

ಡಾಕ್ಟರು ಬರೆಯದಿದ್ದರೆ ನೀವೇ ಬರೆಯಬಹುದು. ಔಷಧಗಳ ದುಷ್ಪರಿಣಾಮ ತಿಳಿಸಲು ಗ್ರಾಹಕರಿಗಾಗಿಯೇ ಒಂದು ನಮೂನೆ ಇದೆ, ಕನ್ನಡದಲ್ಲೂ ಇದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಈ ಕೆಲಸ ನೋಡುತ್ತದೆ. ಅದರ ಪುಕ್ಕಟೆ ದೂರವಾಣಿ 1800-180-3024. ನಮೂನೆ ತುಂಬಲು ಬಾರದವರಿಗೆ ಸಂಘದ ಕಚೇರಿಯಲ್ಲಿ ಓದು ಬರಹ ಬಲ್ಲ ತರುಣರು ತುಂಬಿಕೊಡಲಿ. ರೇಷನ್ ಕಾರ್ಡಿನ ಅರ್ಜಿ ತುಂಬಿಕೊಡುವವರು ಇದನ್ನೂ ತುಂಬಲಾರರೇ?

ಜಿಲ್ಲೆಯ ಆರೋಗ್ಯಾಧಿಕಾರಿಗಳಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ, ಹೊಸ ಕಟ್ಟಡ ಕೇಳುತ್ತಿಲ್ಲ. ಲಸಿಕೆಯ ನಂತರ ಆರು ವಾರದೊಳಗೆ ಕೀಲು ಊದಿ ಬಂದವರ ಚೀಟಿಯಲ್ಲಿ ಯಾವ ಕೀಲು, ಎಂದಿನಿಂದ, ಯಾವ ಲಸಿಕೆ, ಸೀರಂ ಹಾಕಿತ್ತೇ ಎಂಬ ನಾಲ್ಕು ಸಾಲಾದರೂ ಇರಲಿ. ಜಿಲ್ಲಾಸ್ಪತ್ರೆಯಲ್ಲಿ ಚಿಕೂನ್‌ಗುನ್ಯದ ಪರೀಕ್ಷೆ, ಸಿ.ಆರ್.ಪಿ., ಆ್ಯಂಟಿ ಸಿ.ಸಿ.ಪಿ. ಪರೀಕ್ಷೆಗಳು ಬಡವರಿಗೆ ಪುಕ್ಕಟೆಯಾಗಿ ಆಗಲಿ. ಖಾಸಗಿ ಪ್ರಯೋಗಶಾಲೆಯ ದರ ನೋಡಿದರೆ ಊದಿದ ಕೈ ತಾನಾಗಿ ಇಳಿಯುವಂತಿದೆ. ಆರು ವಾರ ಕಳೆದೂ ಬಾವು ಇಳಿಯದವರನ್ನು ಸಂಧಿವಾತದ ತಜ್ಞರಿಗೆ ಕಳಿಸುವ ಪರಿಪಾಟಿಯಿರಲಿ. ವರ್ಷಕ್ಕೊಮ್ಮೆ ಜಿಲ್ಲೆಯಲ್ಲಿ ಇಂಥ ಎಷ್ಟು ದೂರು ಬಂದುವು, ಪರೀಕ್ಷೆಯಲ್ಲಿ ಏನು ಕಂಡಿತು ಎಂಬುದನ್ನು ಹೆಸರು ಬಿಟ್ಟು ಪ್ರಕಟಿಸಲಿ. ನಾವು ಅದನ್ನು ಒಂದಕ್ಷರ ಬಿಡದೆ ಅಚ್ಚು ಮಾಡುತ್ತೇವೆ, ದೂರು ಸುಳ್ಳೆಂದು ತೋರಿದರೂ ಸರಿಯೆ.

ಒಮ್ಮೆ ಕೈ ಊದಿದವರು ಮುಂದಿನ ಸೂಜಿ ಹಾಕಿಸಿಕೊಳ್ಳಬೇಕೆ ಎಂದು ಹಲವರು ಕೇಳುತ್ತಾರೆ. ಹಿಂದೆ ಆದದ್ದನ್ನು ಡಾಕ್ಟರಿಗೆ ಮುಂಚೆಯೇ, ಚಿತ್ರ ತೋರಿಸಿ ಹೇಳಬೇಕು. ಆ ಲಸಿಕೆಯೇ ಆಗಬೇಕೇ, ಬೇರೆ ಇದೆಯೇ, ತಡೆದು ಹಾಕಬಹುದೇ ಎಂಬುದನ್ನು ಅವರು ನೋಡಿ ಹೇಳಬೇಕು. ನಾಯಿ ಕಚ್ಚಿದವರು ಮಾತ್ರ ಕೀಲುನೋವಿಗೆ ಹೆದರಿ ಸೂಜಿಯ ಸರಣಿಯನ್ನು ನಡುವೆ ಬಿಡಲೇಬಾರದು. ಊದಿದ ಕೈಗೆ ಔಷಧವುಂಟು. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಅದಕ್ಕೆ ಔಷಧವಿಲ್ಲ. ನಮ್ಮ ಕಚೇರಿಗೆ ಬಂದ ಹೆಣ್ಣುಮಗಳಿಗೂ ಇದನ್ನೇ ಹೇಳಿದೆವು. ಉಳಿದ ಸೂಜಿಗಳನ್ನು ಅವರು ಹಾಕಿಸಿಕೊಂಡಿದ್ದಾರೆ.